ಗುಳ್ಳೆ ಬಿಡಿ, ಗಷ್ಟು ಹಿಡಿಯಿರಿ

ಬೆಂಗಳೂರಿನ ದೊಡ್ಡ ಹೋಟೆಲುಗಳ ಭಾನುವಾರದ ಬ್ರಂಚ್‌ಗಳಲ್ಲಿ ಸ್ಪಾರ್ಕ್ಲಿಂಗ್ ವೈನ್ ಧಾರಾಳವಾಗಿ ಹರಿಯುತ್ತದೆ. ಅದನ್ನು ಸವಿಯುವವರು ಮಾತ್ರ ಕಾಣುವುದಿಲ್ಲ. ಬಿರಡೆ ಹಾರುತ್ತದೆ, ಚಪ್ಪಾಳೆ ಬೀಳುತ್ತದೆ, ಮೊಬೈಲುಗಳು ಮೇಲೇಳುತ್ತವೆ. ಗುಳ್ಳೆಯೇಳುತ್ತಿರುವ ಗ್ಲಾಸನ್ನು ಎತ್ತಿ ಹಿಡಿದು ಒಬ್ಬರು ‘ಶಾಂಪೇನ್’ ಎನ್ನುತ್ತಾರೆ. ಪಕ್ಕದಲ್ಲಿರುವ ಬಾಟಲಿಯ ಮೇಲೆ ಇಟಲಿಯ ಬೇರೆಯೇ ವೈನಾದ ಪ್ರೊಸೆಕ್ಕೊದ ಹೆಸರು ದಪ್ಪಕ್ಷರದಲ್ಲಿರುತ್ತದೆ. ಅದಕ್ಕೆ ಕಿತ್ತಳೆ ರಸ ಸುರಿದು, ಐಸ್ ತುಂಡು ಹಾಕಿ, ನಾಲ್ಕು ಗುಟುಕಿನಲ್ಲಿ ಇಳಿಸಿ, ‘ಪರವಾಗಿಲ್ಲ, ಸ್ವಲ್ಪ ಹುಳಿ’ ಎಂದು ತೀರ್ಪು ಕೊಟ್ಟು ಬಿರಿಯಾನಿ ಸಾಲಿನ ಕಡೆ ನಡೆಯುತ್ತಾರೆ.

ಇದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇಷ್ಟೊಂದು ಕೈಗೆಲಸ, ಇಷ್ಟೊಂದು ಕಾಯುವಿಕೆ ಬೇಡುವ ವೈನ್ ವಿರಳ. ವರ್ಷಗಟ್ಟಲೆ ಕತ್ತಲೆಯಲ್ಲಿ ಮಲಗಿದ್ದ ಬಾಟಲಿಯನ್ನು ಸದ್ದಿಗಾಗಿ ಒಡೆದು ಮರೆತುಬಿಡುವುದು, ಸಂಗೀತ ಕಛೇರಿಗೆ ಹೋಗಿ ಮೈಕಿನ ಪರೀಕ್ಷೆ ಕೇಳಿ ಎದ್ದು ಬರುವ ಹಾಗೆ. ಒಮ್ಮೆಯಾದರೂ ಕೂತು ಕೇಳಿ ಎಂಬುದೇ ಈ ಕೈಪಿಡಿಯ ಆಗ್ರಹ.

ದ್ರಾಕ್ಷಿಯಿಂದ ವೈನ್ ಹೇಗಾಗುತ್ತದೆ, ಕೆಂಪು ಬಿಳಿಯ ಭೇದವೇನು, ಗ್ಲಾಸಿನ ಕಾಂಡವನ್ನು ಯಾಕೆ ಹಿಡಿಯಬೇಕು ಎಂಬುದನ್ನೆಲ್ಲ ನಾನಿಲ್ಲಿ ಹೇಳುತ್ತ ಕೂರುವುದಿಲ್ಲ. ಅಷ್ಟು ಗೊತ್ತಿದ್ದವರೇ ಇಲ್ಲಿಯವರೆಗೆ ಓದಿರುತ್ತಾರೆ. ನಾನು ಹೇಳಹೊರಟಿರುವುದು ಒಂದೇ ಸಂಗತಿ. ಸ್ಪಾರ್ಕ್ಲಿಂಗ್ ವೈನನ್ನು ಬೇರೆ ವೈನುಗಳಿಂದ ಬೇರೆ ಮಾಡುವುದು ಗುಳ್ಳೆ ಎಂದು ಲೋಕವೆಲ್ಲ ನಂಬಿದೆ. ಗುಳ್ಳೆಯನ್ನು ಸೋಡಾ ಯಂತ್ರವೂ ಕೊಡಬಲ್ಲದು. ಈ ವೈನಿನ ನಿಜವಾದ ಗುಣ ಹುಟ್ಟುವುದು ಬಾಟಲಿಯ ತಳದಲ್ಲಿ ಕೂತ ಗಷ್ಟಿನಿಂದ, ಸತ್ತ ಯೀಸ್ಟ್‌ನ ಬೂದುಬಣ್ಣದ ಪುಡಿಯಿಂದ. ಅದರ ಸಹವಾಸದಲ್ಲಿ ವೈನ್ ಎಷ್ಟು ಕಾಲ ಕಳೆಯಿತು ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಎರಡು ಸಲ ಹುದುಗುವ ವೈನ್

ಶುರುಮಾಡಬೇಕಾದದ್ದು ಫ್ರಾನ್ಸಿನ ಶಾಂಪೇನ್ ಸೀಮೆಯಿಂದ. ಈ ಕಲೆ ಪಕ್ವವಾದದ್ದು ಅಲ್ಲಿ. ಪ್ಯಾರಿಸ್ಸಿನ ಪೂರ್ವಕ್ಕೆ ರೀಮ್ಸ್, ಎಪರ್ನೇ ಮುಂತಾದ ಊರುಗಳ ಸುತ್ತ ಸುಮಾರು 34,000 ಹೆಕ್ಟೇರ್ ದ್ರಾಕ್ಷಿತೋಟವಿದೆ. 49 ಡಿಗ್ರಿ ಉತ್ತರ ಅಕ್ಷಾಂಶದ ಚಳಿನಾಡು ಅದು. ಹಣ್ಣು ಮಾಗುವುದೇ ಅಲ್ಲಿ ದುಸ್ತರ. ನೆಲದಡಿ ಸೀಮೆಸುಣ್ಣದ ಆಳವಾದ ಪದರ. ಬೆಳೆಯುವ ಮುಖ್ಯ ತಳಿಗಳು ಮೂರು: ಶಾರ್ಡನೇ, ಪಿನೋ ನ್ವಾರ್, ಮ್ಯೂನ್ಯೇ. ಕೊನೆಯ ಎರಡೂ ಕಪ್ಪು ದ್ರಾಕ್ಷಿಗಳು. ಸಿಪ್ಪೆಯ ಬಣ್ಣ ರಸಕ್ಕೆ ಇಳಿಯದಂತೆ ಮೆಲ್ಲಗೆ ಹಿಂಡಿದರೆ ಅವುಗಳಿಂದಲೂ ಬಿಳಿ ವೈನೇ ಬರುತ್ತದೆ. ಎಷ್ಟು ಮೆಲ್ಲಗೆ ಎಂದರೆ, 4,000 ಕಿಲೋ ಹಣ್ಣಿನಿಂದ 2,550 ಲೀಟರಿಗಿಂತ ಹೆಚ್ಚು ರಸ ತೆಗೆಯುವಂತಿಲ್ಲ ಎಂಬ ಕಾನೂನೇ ಅಲ್ಲಿದೆ. ಅದರಲ್ಲೂ ಮೊದಲ 2,050 ಲೀಟರಿಗೆ ಹೆಚ್ಚು ಮರ್ಯಾದೆ.

ಬೇರೆ ಕಡೆ ವೈನ್ ಮಾಡುವವರು ಹಣ್ಣು ಪೂರ್ತಿ ಮಾಗಲಿ ಎಂದು ಕಾಯುತ್ತಾರೆ. ಸ್ಪಾರ್ಕ್ಲಿಂಗ್ ವೈನ್ ಮಾಡುವವರು ಅದಕ್ಕೂ ಮೊದಲೇ ಕೊಯ್ಯುತ್ತಾರೆ. ಸಕ್ಕರೆ ಕಡಿಮೆ ಇರಬೇಕು, ಹುಳಿ ಮುಂದಾಗಿರಬೇಕು. ಮೊದಲ ಹುದುಗು ಮುಗಿದು ವಸಂತ ಬರುವ ಹೊತ್ತಿಗೆ ಪೀಪಾಯಿಗಳಲ್ಲಿ ಇರುವುದು ಶೇ. 10, 11ರಷ್ಟು ಮದ್ಯಸಾರದ, ತೆಳ್ಳನೆಯ, ಹಲ್ಲು ಚುಳ್ಳೆನಿಸುವ ವೈನ್. ಬೇರೆ ಬೇರೆ ತೋಟಗಳ, ಬೇರೆ ಬೇರೆ ವರ್ಷಗಳ ಇಂಥ ವೈನುಗಳನ್ನು ಬೆರೆಸಿ ಒಂದು ಹದ ಕೂಡಿಸುತ್ತಾರೆ. ಆ ಬೆರಕೆಯ ವಿದ್ಯೆಯೇ ಒಂದು ಪುಸ್ತಕವಾದೀತು. ಇಲ್ಲಿ ಅದನ್ನು ದಾಟಿ ಮುಂದೆ ಹೋಗೋಣ.

ಆಮೇಲೆ ಬರುತ್ತದೆ ನಿರ್ಣಾಯಕ ಹೆಜ್ಜೆ. ಬಾಟಲಿಗೆ ವೈನ್ ತುಂಬುವಾಗ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆಯನ್ನೂ ಹೊಸ ಯೀಸ್ಟನ್ನೂ ಸೇರಿಸಿ, ಸೋಡಾ ಬಾಟಲಿಗೆ ಹಾಕುವಂಥ ಲೋಹದ ಮುಚ್ಚಳ ಬಿಗಿದು, ನೆಲಮಾಳಿಗೆಯಲ್ಲಿ ಅಡ್ಡ ಮಲಗಿಸುತ್ತಾರೆ. ಅಲ್ಲಿ ವರ್ಷವಿಡೀ 10ರಿಂದ 12 ಡಿಗ್ರಿ ತಂಪು. ಯೀಸ್ಟ್ ಆ ಸಕ್ಕರೆಯನ್ನು ನಿಧಾನವಾಗಿ ತಿನ್ನುತ್ತದೆ. ಮದ್ಯಸಾರ ಶೇ. 1ಕ್ಕಿಂತ ತುಸು ಹೆಚ್ಚು ಏರುತ್ತದೆ. ಹುಟ್ಟಿದ ಇಂಗಾಲದ ಡೈಆಕ್ಸೈಡ್‌ಗೆ ಹೊರಹೋಗಲು ದಾರಿಯಿಲ್ಲ. ವೈನಿನೊಳಗೇ ಕರಗಿ, ಬಾಟಲಿಯೊಳಗಿನ ಒತ್ತಡ ಸುಮಾರು ಆರು ವಾಯುಭಾರ ಮುಟ್ಟುತ್ತದೆ. ಅದನ್ನು ತಡೆದುಕೊಳ್ಳಲೆಂದೇ ಈ ಬಾಟಲಿ ಅಷ್ಟು ದಪ್ಪ, ತಳದಲ್ಲಿ ಅಷ್ಟು ಆಳದ ಗುಳಿ.

ಇದೆಲ್ಲ ಒಬ್ಬ ಸನ್ಯಾಸಿಯ ಆವಿಷ್ಕಾರ ಎಂಬ ಕತೆ ಎಲ್ಲ ಬ್ರಂಚ್ ಮೇಜುಗಳಲ್ಲೂ ಚಾಲ್ತಿಯಲ್ಲಿದೆ. ಡಾಮ್ ಪೆರಿನ್ಯೋ 1668ರಿಂದ ಓವಿಲೇರ್ ಮಠದ ಉಗ್ರಾಣ ನೋಡಿಕೊಂಡ ನಿಪುಣ, ಬೆರಕೆಯ ಕುಶಲಿ, ಸಂದೇಹವಿಲ್ಲ. ಆದರೆ ಅವನ ಕಾಲಕ್ಕೆ ಗುಳ್ಳೆ ಎಂದರೆ ವೈನಿನ ದೋಷ. ಅವನು ಹೆಣಗಿದ್ದು ಅದನ್ನು ತಡೆಯಲು. ಸಕ್ಕರೆ ಹಾಕಿ ವೈನನ್ನು ಚುರುಕಾಗಿಸುವ ಪದ್ಧತಿಯ ಬಗ್ಗೆ ಕ್ರಿಸ್ಟೋಫರ್ ಮೆರೆಟ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಓದಿದ್ದು 1662ರಲ್ಲಿ, ಪೆರಿನ್ಯೋ ಆ ಮಠದ ಉಗ್ರಾಣಕ್ಕೆ ಬರುವ ಮುಂಚೆ. ಕಲ್ಲಿದ್ದಲ ಕುಲುಮೆಯಲ್ಲಿ ಊದಿದ ಇಂಗ್ಲಿಷರ ಗಾಜು ಆ ಒತ್ತಡಕ್ಕೆ ತಡೆಯುವಷ್ಟು ಗಟ್ಟಿಯಿತ್ತು. ಎಷ್ಟು ಸಕ್ಕರೆಗೆ ಎಷ್ಟು ಒತ್ತಡ ಎಂಬ ಲೆಕ್ಕವನ್ನು 1836ರಲ್ಲಿ ಕಟ್ಟಿಕೊಟ್ಟವನು ಶಾಲೋನ್ ಪಟ್ಟಣದ ಔಷಧಿ ವ್ಯಾಪಾರಿ ಜಾನ್ ಬಾಪ್ತಿಸ್ತ್ ಫ್ರಾಂಸ್ವಾ. ಆ ಲೆಕ್ಕ ಕೈಗೆ ಬರುವ ಮೊದಲು ನೆಲಮಾಳಿಗೆಗಳಲ್ಲಿ ಬಾಟಲಿಗಳು ಸಾಲುಸಾಲಾಗಿ ಸಿಡಿಯುತ್ತಿದ್ದವು. ಕೆಲಸಗಾರರು ಕಬ್ಬಿಣದ ಮುಖವಾಡ ಕಟ್ಟಿಕೊಂಡು ಒಳಗಿಳಿಯುತ್ತಿದ್ದರು.

ಗಷ್ಟಿನ ಕೆಲಸ

ಎರಡನೇ ಹುದುಗು ಕೆಲವು ವಾರಗಳಲ್ಲಿ ಮುಗಿಯುತ್ತದೆ. ಗುಳ್ಳೆ ಅಷ್ಟರಲ್ಲೇ ಸಿದ್ಧ. ಗುಳ್ಳೆಯಷ್ಟೇ ಬೇಕಿದ್ದರೆ ಅಂದೇ ಬಾಟಲಿ ತೆರೆದು ಮಾರಬಹುದಿತ್ತು. ಯಾಕೆ ಮಾರುವುದಿಲ್ಲ ಎಂದು ಕೇಳಿಕೊಂಡ ದಿನ ನೀವು ರಸಿಕರಾಗುವ ದಾರಿ ಹಿಡಿದಿರಿ ಎಂದೇ ಅರ್ಥ.

ಸಕ್ಕರೆ ಮುಗಿದ ಮೇಲೆ ಯೀಸ್ಟ್ ಸಾಯುತ್ತದೆ, ಬಾಟಲಿಯ ಮಗ್ಗುಲಲ್ಲಿ ತೆಳು ಪದರವಾಗಿ ಕೂರುತ್ತದೆ. ತಿಂಗಳುಗಳು ಉರುಳಿದ ಮೇಲೆ ಸತ್ತ ಕೋಶಗಳೊಳಗಿನ ಕಿಣ್ವಗಳು ಆ ಕೋಶಗಳನ್ನೇ ಕರಗಿಸತೊಡಗುತ್ತವೆ. ಇದಕ್ಕೆ ಆಟೋಲೈಸಿಸ್ ಎನ್ನುತ್ತಾರೆ. ಅಮೈನೋ ಆಮ್ಲಗಳು, ಪ್ರೋಟೀನಿನ ಚೂರುಗಳು, ಕೋಶದ ಗೋಡೆಯಲ್ಲಿದ್ದ ಮ್ಯಾನೋಪ್ರೋಟೀನುಗಳು ಒಂದೊಂದಾಗಿ ವೈನಿಗೆ ಇಳಿಯುತ್ತವೆ. ಇಲ್ಲಿ ಅವಸರ ನಡೆಯದು. ತಂಪು ಜಾಸ್ತಿಯಾದಷ್ಟೂ ಕೆಲಸ ನಿಧಾನ, ನಿಧಾನವಾದಷ್ಟೂ ಫಲ ಸೂಕ್ಷ್ಮ.

ಫಲವೇನು? ಮೊದಲನೆಯದು ಪರಿಮಳ. ಎಳೆಯ ವೈನಿನಲ್ಲಿ ನಿಂಬೆ, ಹಸಿರು ಸೇಬು, ಬಿಳಿ ಹೂವು ಇದ್ದಲ್ಲಿ ಬರಬರುತ್ತ ಹುದುಗಿದ ಹಿಟ್ಟು, ಬೆಣ್ಣೆ ಬಿಸ್ಕತ್ತು, ಹುರಿದ ಬಾದಾಮಿಯ ವಾಸನೆಗಳು ಸೇರುತ್ತವೆ. ಎರಡನೆಯದು ಬಾಯಿಗೆ ಸಿಗುವ ಮೈ. ತೆಳ್ಳಗಿದ್ದ ವೈನ್ ನಾಲಗೆಯ ಮೇಲೆ ಹರವಿಕೊಳ್ಳುತ್ತದೆ, ಹುಳಿಯ ಅಂಚು ದುಂಡಗಾಗುತ್ತದೆ. ಮೂರನೆಯದು ನೊರೆಯ ನಯ. ಮ್ಯಾನೋಪ್ರೋಟೀನುಗಳು ನೊರೆಯನ್ನು ಹಿಡಿದು ನಿಲ್ಲಿಸುತ್ತವೆ, ಬಾಯಿಗೆ ಚುಚ್ಚುವುದರ ಬದಲು ಅದು ಮಿದುವಾಗಿ ಉಬ್ಬುತ್ತದೆ. ನಾಲ್ಕನೆಯದು ರಕ್ಷಣೆ. ಗಷ್ಟು ಆಮ್ಲಜನಕವನ್ನು ತಾನು ಹೀರಿಕೊಂಡು ವೈನನ್ನು ಕಾಯುತ್ತದೆ. ಹಾಗಾಗಿ ಹತ್ತಿಪ್ಪತ್ತು ವರ್ಷ ಗಷ್ಟಿನ ಜೊತೆಗಿದ್ದ ಬಾಟಲಿಯೂ ಅಚ್ಚರಿಪಡುವಷ್ಟು ಹಸಿಯಾಗಿ ಉಳಿದಿರುತ್ತದೆ. ಹಳೆಯದಾಗುತ್ತಲೇ ಎಳೆಯದಾಗಿ ಉಳಿಯುವ ಈ ಗುಣವನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆ ಯಾವ ವೈನಿನಲ್ಲೂ ಕಂಡಿಲ್ಲ.

ನನಗೆ ಇದು ಅರಿವಿಗೆ ಬಂದದ್ದು ಅವೀಜ್ ಎಂಬ ಹಳ್ಳಿಯಲ್ಲಿ. ಎಪರ್ನೇಯ ದಕ್ಷಿಣಕ್ಕೆ, ಶಾರ್ಡನೇಗೆ ಹೆಸರಾದ ಗುಡ್ಡಸಾಲಿನ ಬುಡದಲ್ಲಿ ಅದು ಇದೆ. ಮಾರ್ಚ್ ತಿಂಗಳ ಚಳಿ. ತನ್ನ ತೋಟದ ಹಣ್ಣಿನಿಂದಲೇ ವೈನ್ ಮಾಡುವ ರೈತನೊಬ್ಬ ನಮ್ಮ ಸಣ್ಣ ಗುಂಪನ್ನು ಸೀಮೆಸುಣ್ಣ ಕಡೆದು ಮಾಡಿದ ನೆಲಮಾಳಿಗೆಗೆ ಇಳಿಸಿದ. ಗೋಡೆ ಮುಟ್ಟಿದರೆ ಬೆರಳಿಗೆ ಒದ್ದೆ ಸುಣ್ಣ. ಮೊದಲು ಅವನು ಸುರಿದದ್ದು ಹಿಂದಿನ ಶರತ್ಕಾಲದ ವೈನ್; ಗುಳ್ಳೆಯಿಲ್ಲ, ಇನ್ನೂ ಬಾಟಲಿ ಸೇರಿಲ್ಲ. ಒಂದು ಗುಟುಕಿಗೆ ದವಡೆಯ ಮೂಲೆಗಳಲ್ಲಿ ನೀರೂರಿತು. ನಿಂಬೆ, ಉಪ್ಪು, ಕಲ್ಲು. ಅದರಾಚೆ ಏನೂ ಇಲ್ಲ. ಅವನು ನಮ್ಮ ಮುಖ ನೋಡಿ ಸುಮ್ಮನೆ ತಲೆಯಾಡಿಸಿದ.

ಆಮೇಲೆ ಮೂಲೆಯಲ್ಲಿ ತಲೆಕೆಳಗಾಗಿ ನಿಲ್ಲಿಸಿದ್ದ ಬಾಟಲಿಗಳ ರಾಶಿಯಿಂದ ಒಂದನ್ನು ಎತ್ತಿದ. ಅದೇ ತೋಟದ್ದು, ಎಂಟು ವರ್ಷ ಗಷ್ಟಿನ ಜೊತೆಗಿದ್ದದ್ದು. ಬಲ್ಬಿನ ಎದುರು ಹಿಡಿದ. ವೈನ್ ತಿಳಿಹೊನ್ನಿನಂತೆ ಸ್ವಚ್ಛ. ಮುಚ್ಚಳದ ಒಳಮೈಗೆ ಅಂಟಿ ಬೆರಳಗಲದ ಬೂದುಪುಡಿ. ಬಾಟಲಿಯನ್ನು ತಲೆಕೆಳಗಾಗಿಯೇ ಮುಂಗೈಗೆ ಆನಿಸಿಕೊಂಡು, ಇಕ್ಕಳದಿಂದ ಮುಚ್ಚಳ ಹಿಡಿದು, ಒಂದೇ ಬೀಸಿಗೆ ಮೇಲೆತ್ತುತ್ತ ಕಿತ್ತ. ಒಳಗಿನ ಗಾಳಿಗುಳ್ಳೆ ಕತ್ತಿಗೆ ಏರುವ ಕ್ಷಣಕ್ಕೆ ಸರಿಯಾಗಿ ಗಷ್ಟು ಚಿಮ್ಮಿ ಎದುರಿನ ಡ್ರಮ್ಮಿಗೆ ಬಿತ್ತು, ಹೆಬ್ಬೆರಳು ಬಾಟಲಿಯ ಬಾಯಿ ಮುಚ್ಚಿತು. ಚೆಲ್ಲಿದ್ದು ಒಂದೆರಡು ಚಮಚ. ಸಕ್ಕರೆ ಸೇರಿಸದೆ ಹಾಗೆಯೇ ಸುರಿದುಕೊಟ್ಟ.

ಗ್ಲಾಸು ಮೂಗಿನ ಬಳಿ ಬರುವ ಮೊದಲೇ ಆಗ ತಾನೇ ಒಲೆಯಿಂದ ತೆಗೆದ ಬ್ರೆಡ್ಡಿನ ವಾಸನೆ ಹಬ್ಬಿತು. ಬಾಯಲ್ಲಿ ಅದೇ ನಿಂಬೆ, ಅದೇ ಉಪ್ಪು, ಅದೇ ಕಲ್ಲು, ಎಲ್ಲವೂ ಇದ್ದವು. ಆದರೆ ಅವುಗಳ ಸುತ್ತ ಬೆಣ್ಣೆ, ಹೇಜಲ್‌ನಟ್, ಹುರಿದ ಗೋಧಿ, ಜೇನಿನ ಒಂದು ಎಳೆ. ನುಂಗಿದ ಮೇಲೂ ಬಹಳ ಹೊತ್ತು ಬಿಡದ ರುಚಿ. ಎರಡು ಗ್ಲಾಸುಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಹೋಗಿಬಂದೆ. ಆ ಹುಳಿನೀರು ಈ ಸಂಪತ್ತಾದದ್ದು ಗುಳ್ಳೆಯಿಂದಲ್ಲ ಎಂಬುದು ಆಗ ನಾಲಗೆಗೇ ಗೊತ್ತಾಯಿತು. ಅಂದಿನಿಂದ ನಾನು ಯಾವ ಬಾಟಲಿ ಎತ್ತಿಕೊಂಡರೂ ಮೊದಲು ಕೇಳುವುದು ಗಷ್ಟಿನ ಮೇಲೆ ಎಷ್ಟು ಕಾಲ ಎಂದು.

ಮುಂದೆ ಲಂಡನ್ನಿನಲ್ಲಿ ನಡೆದ ಒಂದು ರುಚಿಗೋಷ್ಠಿಯಲ್ಲಿ ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಸಿಕ್ಕಿತು. ಬೋಲಿಂಜರ್ ಮನೆತನದ ‘ಲಾ ಗ್ರಾಂದ್ ಆನೇ’ ಮತ್ತು ‘ಆರ್‌ಡಿ’ ಎಂಬ ಎರಡು ಹೆಸರುಗಳ ಹಿಂದೆ ಇರುವುದು ಒಂದೇ ವರ್ಷದ ಒಂದೇ ವೈನ್. ಆರ್‌ಡಿಯನ್ನು ಮಾತ್ರ ಇನ್ನೂ ಹಲವು ವರ್ಷ ಗಷ್ಟಿನ ಮೇಲೇ ಬಿಟ್ಟು, ಮಾರುವ ಹೊತ್ತಿಗೆ ಬಿಡಿಸಿ, ಕಡಿಮೆ ಸಕ್ಕರೆಯೊಂದಿಗೆ ಹೊರತರುತ್ತಾರೆ. 2004ರ ಎರಡೂ ಬಾಟಲಿಗಳು ಅಂದು ಮೇಜಿನ ಮೇಲಿದ್ದವು. ಮೊದಲನೆಯದು ತುಂಬಿದ ಕೊಡ, ಹಣ್ಣು ಮುಂದೆ. ಎರಡನೆಯದರಲ್ಲಿ ಹಣ್ಣು ಹಿಂದೆ ಸರಿದು ಕಾಫಿ, ಅಣಬೆ, ಹುರಿದ ಬೀಜಗಳು ಮುಂದೆ ಬಂದಿದ್ದವು; ಅಷ್ಟಾಗಿಯೂ ಹುಳಿ ಮೊನಚಾಗಿಯೇ ಇತ್ತು. ಪಕ್ಕದಲ್ಲಿ ಕೂತಿದ್ದವರೊಬ್ಬರು ಎರಡಕ್ಕೂ ಗುಳ್ಳೆ ಸಣ್ಣಗಿದೆ ಎಂದಷ್ಟೇ ಬರೆದುಕೊಂಡರು. ಮೇಜಿನ ಮೇಲೆ ಅಷ್ಟೆಲ್ಲ ಇದ್ದೂ ಅವರು ಎದ್ದುಹೋದದ್ದು ಬರಿಗೈಯಲ್ಲಿ.

ಅಂದ ಹಾಗೆ, ಗುಳ್ಳೆಯ ಸಾಲು ನೋಡಿ ವೈನಿನ ಗುಣ ಹೇಳುವ ಪಂಡಿತರಿಗೆ ಒಂದು ಮಾತು. ರೀಮ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೆರಾರ್ ಲಿಜೇ ಬೆಲೇರ್ ವರ್ಷಗಟ್ಟಲೆ ಈ ಗುಳ್ಳೆಗಳನ್ನೇ ಅಭ್ಯಾಸ ಮಾಡಿದವರು. ಗ್ಲಾಸಿನಲ್ಲಿ ಗುಳ್ಳೆಯ ಸರ ಏಳುವುದು ಬಹುಮಟ್ಟಿಗೆ ಒರೆಸಿದ ಬಟ್ಟೆಯಿಂದ ಅಥವಾ ಗಾಳಿಯಿಂದ ಬಂದು ಅಂಟಿದ ಸೂಕ್ಷ್ಮ ನಾರಿನ ಎಳೆಗಳಿಂದ ಎಂದು ಅವರು ತೋರಿಸಿದ್ದಾರೆ. ಆ ಎಳೆಯೊಳಗೆ ಸಿಕ್ಕಿಕೊಂಡ ಗಾಳಿಯೇ ಗುಳ್ಳೆಗೆ ಬೀಜ. ಸೋಪಿನ ಪಸೆ ಉಳಿದ ಗ್ಲಾಸಿನಲ್ಲಿ ಎಂಥ ಒಳ್ಳೆಯ ವೈನಿನ ನೊರೆಯೂ ಸೊರಗುತ್ತದೆ. ಬರೀ ಗುಳ್ಳೆಯ ಸಾಲು ನೋಡಿ ಅಂಕ ಕೊಡುವವರು ಕೊಡುತ್ತಿರುವುದು ವೈನಿಗಲ್ಲ, ಗ್ಲಾಸು ತೊಳೆದವರಿಗೆ.

ತಿರುಗಿಸುವುದು, ಬಿಡಿಸುವುದು, ತುಂಬುವುದು

ಉಪಕಾರ ಮಾಡಿದ ಗಷ್ಟನ್ನು ಹೊರಹಾಕುವುದು ಸುಲಭವಾಗಿರಲಿಲ್ಲ. 27ನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ವ್ಯಾಪಾರಕ್ಕೆ ನಿಂತ ರೀಮ್ಸ್‌ನ ಬಾರ್ಬ್ ನಿಕೋಲ್ ಪೋನ್ಸಾರ್ದಾಂ, ಅಂದರೆ ಜಗತ್ತು ವೂವ್ ಕ್ಲಿಕೋ ಎಂದು ಬಲ್ಲ ಹೆಂಗಸು, ಮತ್ತು ಅವರ ಉಗ್ರಾಣದ ಮೇಸ್ತ್ರಿ 1816ರ ಸುಮಾರಿಗೆ ಅದಕ್ಕೊಂದು ಉಪಾಯ ಕಂಡುಕೊಂಡರು. ತೂತು ಕೊರೆದ ಹಲಗೆಗೆ ಬಾಟಲಿಯ ಕತ್ತು ಸಿಕ್ಕಿಸಿ, ದಿನವೂ ತುಸು ತಿರುವಿ, ತುಸು ವಾಲಿಸಿ, ವಾರಗಟ್ಟಲೆ ಇದನ್ನೇ ಮಾಡಿದರೆ ಗಷ್ಟು ಜಾರಿ ಕತ್ತಿಗೆ ಬಂದು ಸೇರುತ್ತದೆ. ನುರಿತ ಕೆಲಸಗಾರ ದಿನಕ್ಕೆ ಹತ್ತಾರು ಸಾವಿರ ಬಾಟಲಿ ತಿರುಗಿಸಬಲ್ಲ. 1970ರ ದಶಕದಿಂದೀಚೆಗೆ ಹೆಚ್ಚಿನ ಕಡೆ ಯಂತ್ರದ ಪಂಜರಗಳು ಈ ಕೆಲಸವನ್ನು ಒಂದು ವಾರದಲ್ಲಿ ಮುಗಿಸುತ್ತವೆ. ಕೈಯಲ್ಲೇ ತಿರುಗಿಸಬೇಕೆಂಬ ಹಟ ನನಗಿಲ್ಲ. ರುಚಿ ಕೊಡುವುದು ಕಾಲ, ತಿರುವುವ ಕೈಯಲ್ಲ.

ಕತ್ತಿನ ತುದಿಯನ್ನು ಸುಮಾರು ಮೈನಸ್ 27 ಡಿಗ್ರಿಯ ಉಪ್ಪುನೀರಿನಲ್ಲಿ ಅದ್ದಿ ಗಷ್ಟನ್ನು ಮಂಜಿನ ಬಿರಡೆಯಾಗಿಸುತ್ತಾರೆ; ಮುಚ್ಚಳ ತೆಗೆದಾಗ ಅದು ತಾನಾಗಿ ಹಾರುತ್ತದೆ. ಕಳೆದುಹೋದಷ್ಟನ್ನು ವೈನ್ ಮತ್ತು ಸಕ್ಕರೆಯ ಮಿಶ್ರಣದಿಂದ ತುಂಬುತ್ತಾರೆ. ಲೇಬಲ್ಲಿನ ಮೇಲಿನ ಪದ ಈ ಸಕ್ಕರೆಯ ಅಳತೆ ಹೇಳುತ್ತದೆ. ಬ್ರೂಟ್ ನೇಚರ್ ಎಂದರೆ ಲೀಟರಿಗೆ 3 ಗ್ರಾಮಿಗಿಂತ ಕಡಿಮೆ, ಎಕ್ಸ್‌ಟ್ರಾ ಬ್ರೂಟ್ 6ರವರೆಗೆ, ಬ್ರೂಟ್ 12ಕ್ಕಿಂತ ಕಡಿಮೆ. ಎಕ್ಸ್‌ಟ್ರಾ ಡ್ರೈ ಎಂಬುದು ಬ್ರೂಟ್‌ಗಿಂತ ಸಿಹಿ, 12ರಿಂದ 17 ಗ್ರಾಂ. ಹೆಸರು ನಂಬಿ ಮೋಸ ಹೋಗಬೇಡಿ. ಡೆಮಿ ಸೆಕ್ 32ರಿಂದ 50 ಗ್ರಾಂ.

ಹಿಂದಿನವರ ನಾಲಗೆ ಇನ್ನೂ ಸಿಹಿ ಬೇಡುತ್ತಿತ್ತು. 2010ರಲ್ಲಿ ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಬಳಿ ಮುಳುಗಿದ್ದ ಹಡಗೊಂದರಿಂದ 168 ಶಾಂಪೇನ್ ಬಾಟಲಿಗಳನ್ನು ಎತ್ತಿದರು. ಸುಮಾರು 170 ವರ್ಷ ನೀರಡಿಯ ಕತ್ತಲೆ, ತಂಪಿನಲ್ಲಿದ್ದ ಅವುಗಳಲ್ಲಿ ಪರೀಕ್ಷಿಸಿದ ವೈನಿನಲ್ಲಿ ಲೀಟರಿಗೆ 150 ಗ್ರಾಮಿನಷ್ಟು ಸಕ್ಕರೆ ಇತ್ತು. ಆ ರುಚಿಯನ್ನು ಸಿಹಿ ಕಡಿಮೆಯಿರುವ ‘ಒಣ’ ವೈನಿನ ಕಡೆಗೆ ತಿರುಗಿಸಿದವರಲ್ಲಿ ಮುಖ್ಯರು ಶಾಂಪೇನ್ ತಯಾರಕಿ ಮದಾಂ ಪೊಮರಿ; 1874ರ ಫಸಲಿನ ಅವರ ಒಣ ಶಾಂಪೇನ್ ಇಂಗ್ಲೆಂಡಿನಲ್ಲಿ ಗೆದ್ದಿತು. ಸಕ್ಕರೆ ಕಡಿಮೆಯಾದಷ್ಟೂ ಗಷ್ಟಿನ ಕೆಲಸ ಬಯಲಿಗೆ ಬರುತ್ತದೆ. ಮುಚ್ಚಿಡಲು ಏನಾದರೂ ಇದ್ದವರಿಗೆ ಸಕ್ಕರೆ ಬೇಕು.

ಟ್ಯಾಂಕಿನ ವೈನ್, ಬಾಟಲಿಯ ವೈನ್

ಇಟಲಿಯ ಆಸ್ತಿ ಪಟ್ಟಣದ ಫೆದೆರಿಕೊ ಮಾರ್ತಿನೋತ್ತಿ 1895ರಲ್ಲಿ, ಅವನ ನಂತರ 1907ರಲ್ಲಿ ಫ್ರಾನ್ಸಿನ ಯೂಜೇನ್ ಶಾರ್ಮಾ, ಎರಡನೇ ಹುದುಗನ್ನು ದೊಡ್ಡ ಟ್ಯಾಂಕಿನಲ್ಲಿ ಮಾಡಿ, ಒತ್ತಡದಲ್ಲೇ ಸೋಸಿ ಬಾಟಲಿಗೆ ಇಳಿಸುವ ವಿಧಾನವನ್ನು ರೂಪಿಸಿದರು. ಇಂದಿನ ಪ್ರೊಸೆಕ್ಕೊ ಬಹುಪಾಲು ಹೀಗೆಯೇ ತಯಾರು. ಗ್ಲೇರಾ ದ್ರಾಕ್ಷಿಯ ಪೇರು, ಸೇಬಿನ ಹಗುರ ಪರಿಮಳ ಉಳಿಯುತ್ತದೆ, ವಾರಗಳಲ್ಲಿ ವೈನ್ ಸಿದ್ಧ, ಬೆಲೆ ಅಗ್ಗ. ಗಷ್ಟಿನೊಂದಿಗೆ ಮಾತಾಡಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಲೋಕ ಅದಕ್ಕೆ ಮುಗಿಬಿದ್ದಿರುವುದು ಕುಡಿಯುವವನಿಂದ ಅದು ಏನನ್ನೂ ಬೇಡುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಮೊಸ್ಕಾತೊ ದ್ರಾಕ್ಷಿಯಿಂದ ಮಾಡುವ ಆಸ್ತಿ ಎಂಬ ವೈನಿಗೆ ಮಾತ್ರ ನಾನು ಟ್ಯಾಂಕನ್ನು ಮನಸಾರೆ ಒಪ್ಪುತ್ತೇನೆ. ಆ ಹೂವಿನ ಕಂಪು ಗಷ್ಟಿನ ಮೇಲೆ ಕೂತರೆ ಕಳೆದೇಹೋಗುತ್ತದೆ. ತಯಾರಾದ ವೈನಿಗೆ ಗ್ಯಾಸ್ ತುಂಬಿ ಮಾರುವವರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಬಾಟಲಿಯಲ್ಲೇ ಹುದುಗಿಸುವವರು ಶಾಂಪೇನ್ ಹೊರಗೂ ಬಹಳ ಇದ್ದಾರೆ. ಸ್ಪೇನಿನ ಪೆನೆದೇಸ್ ಪ್ರಾಂತದಲ್ಲಿ 1872ರಲ್ಲಿ ಕೊದೊರ್ನಿಯು ಮನೆತನದ ಜೋಸೆಪ್ ರಾವೆಂತೋಸ್ ಶುರುಮಾಡಿದ ಸಂಪ್ರದಾಯವೇ ಇಂದಿನ ಕಾವಾ. ಇಟಲಿಯ ಫ್ರಾಂಚಾಕೋರ್ತಾ, ಫ್ರಾನ್ಸಿನದೇ ಬೇರೆ ಸೀಮೆಗಳ ಕ್ರೆಮಾಂ, ದಕ್ಷಿಣ ಆಫ್ರಿಕಾದ ಕ್ಯಾಪ್ ಕ್ಲಾಸಿಕ್, ಸೀಮೆಸುಣ್ಣದ ನೆಲವೇ ಇರುವ ದಕ್ಷಿಣ ಇಂಗ್ಲೆಂಡಿನ ಹೊಸ ತೋಟಗಳು, ಎಲ್ಲವೂ ಗಮನಕ್ಕೆ ಅರ್ಹ. ಇವುಗಳನ್ನು ಅಳೆಯಲು ನನ್ನ ಮಾಪನ ಒಂದೇ. ಕಾವಾ ಮತ್ತು ಕ್ರೆಮಾಂಗೆ ಗಷ್ಟಿನ ಮೇಲೆ ಕನಿಷ್ಠ 9 ತಿಂಗಳು, ವರ್ಷದ ಹೆಸರಿಲ್ಲದ ಶಾಂಪೇನ್‌ಗೆ 12 ತಿಂಗಳು, ಫ್ರಾಂಚಾಕೋರ್ತಾಗೆ 18 ತಿಂಗಳು. ಗ್ರಾನ್ ರಿಸೆರ್ವಾ ಎಂದು ಬರೆದ ಕಾವಾಗೆ 30 ತಿಂಗಳು. ಈ ಗ್ರಾನ್ ರಿಸೆರ್ವಾ ಜನ ಬೆಲೆ ನೋಡಿ ತಾತ್ಸಾರ ಮಾಡುವ ಬಾಟಲಿ. ದೊಡ್ಡ ಹೆಸರಿನ ಸಾಧಾರಣ ಶಾಂಪೇನುಗಳಿಗಿಂತ ನಾನು ಅದನ್ನೇ ಎತ್ತಿಕೊಳ್ಳುತ್ತೇನೆ.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ದೊಡ್ಡದಾಗಿ ತಂದದ್ದು ಪುಣೆ ಬಳಿಯ ನಾರಾಯಣಗಾಂವ್‌ನ ಇಂಡೇಜ್. 1980ರ ದಶಕದಲ್ಲಿ ಅದರ ವೈನ್ ‘ಒಮರ್ ಖಯ್ಯಾಮ್’ ಹೆಸರಿನಲ್ಲಿ ಹೊರದೇಶಗಳಿಗೂ ಹೋಯಿತು. ಇಂದು ನಾಸಿಕ್ ಸುತ್ತಲಿನ ಸುಲಾ, ಶಾಂದೋನ್, ಮತ್ತು ನಂದಿಬೆಟ್ಟದ ತಪ್ಪಲಿನಿಂದ ನಮಗೆ ಪರಿಚಿತವಾದ ಗ್ರೋವರ್ ಜಂಪಾ, ಮೂರೂ ಬಾಟಲಿಯಲ್ಲೇ ಹುದುಗಿಸಿದ ವೈನ್ ಮಾರುತ್ತವೆ. ಬಿಸಿಲ ನಾಡಿನಲ್ಲಿ ಹುಳಿ ಉಳಿಸಿಕೊಳ್ಳುವುದೇ ಸವಾಲು. ಹಾಗಾಗಿ ಶೆನಿನ್ ಬ್ಲಾಂಕ್‌ನಂಥ ಹುಳಿಯುಳ್ಳ ತಳಿಯನ್ನು ಚಳಿಗಾಲದ ಕೊಯ್ಲಿನಲ್ಲಿ ಬೇಗನೆ ಕಿತ್ತುಕೊಳ್ಳುತ್ತಾರೆ. ಇವು ಸ್ವಚ್ಛ, ಚುರುಕು, ಮಾವಿನಕಾಯಿ ಉಪ್ಪಿನಕಾಯಿಯ ಮನೆಗಳವರಾದ ನಮಗೆ ಹತ್ತಿರದ ರುಚಿ. ನನ್ನ ದೂರು ಒಂದೇ: ಇವರು ಗಷ್ಟಿಗೆ ಇನ್ನಷ್ಟು ಕಾಲ ಕೊಡಬೇಕು. ಕೇಳುವ ಗಿರಾಕಿ ಇದ್ದರೆ ಕೊಟ್ಟಾರು. ಗಿರಾಕಿ ಕೇಳುತ್ತಿರುವುದು ಸದ್ದು.

ತೆರೆಯುವುದು, ಸುರಿಯುವುದು

ಕಾರ್ ರೇಸಿನ ವೇದಿಕೆಯಲ್ಲಿ ಶಾಂಪೇನ್ ಎರಚುವ ಚಾಳಿ ಶುರುವಾದದ್ದು 1967ರ ಲ ಮಾನ್ಸ್ ಗೆಲುವಿನ ನಂತರ ಡ್ಯಾನ್ ಗರ್ನಿಯಿಂದ. ಅದೀಗ ನಮ್ಮ ಮದುವೆ ಆರತಕ್ಷತೆಗಳಿಗೂ ಬಂದಿದೆ. ಕತ್ತಿಯಿಂದ ಬಾಟಲಿಯ ಕತ್ತು ಹಾರಿಸುವುದು, ಅಗಲ ಗ್ಲಾಸುಗಳ ಗೋಪುರ ಕಟ್ಟಿ ಮೇಲಿನಿಂದ ಸುರಿಯುವುದು, ಇವೆಲ್ಲ ವೈನನ್ನು ಪಟಾಕಿಯ ಸಾಲಿಗೆ ಸೇರಿಸುವ ಕೆಲಸ. ಇಂಥದೊಂದು ಗೋಪುರವನ್ನು ಬೆಂಗಳೂರಿನ ಅರಮನೆ ಮೈದಾನದ ಒಂದು ಮದುವೆಯಲ್ಲಿ ಕಣ್ಣಾರೆ ಕಂಡೆ. ಮೂರು ವರ್ಷ ಮಲಗಿದ್ದ ವೈನ್ ಮೇಜಿನ ಬಟ್ಟೆಗೆ ಹರಿದುಹೋಯಿತು. ಉಳಿದದ್ದು ಬೆಚ್ಚಗಾಗಿ, ನೊರೆ ಸತ್ತು, ಸೊಳ್ಳೆ ಬಿದ್ದು ಕೂತಿತ್ತು.

ಸರಿಯಾದ ಕ್ರಮ ಹೀಗೆ. ಬಾಟಲಿ ತಂಪಾಗಿರಲಿ, 8ರಿಂದ 10 ಡಿಗ್ರಿ. ಹಳೆಯದಾದರೆ ಇನ್ನೆರಡು ಡಿಗ್ರಿ ಹೆಚ್ಚು. ಫ್ರೀಜರಿಗೆ ಹಾಕಿ ಮರಗಟ್ಟಿಸಿದರೆ ಗಷ್ಟಿನ ಪರಿಮಳ ಬಾಯಿ ಬಿಡುವುದಿಲ್ಲ. ತಂತಿಯ ಕಿವಿಯನ್ನು ಆರು ಅರೆಸುತ್ತು ತಿರುಗಿಸಿ ಸಡಿಲಿಸಿ, ಅಷ್ಟೂ ಹೊತ್ತು ಹೆಬ್ಬೆರಳನ್ನು ಬಿರಡೆಯ ಮೇಲಿಂದ ತೆಗೆಯಬೇಡಿ. ಬಿರಡೆಯನ್ನು ಬಿಗಿಹಿಡಿದು ಬಾಟಲಿಯನ್ನು ತಿರುಗಿಸಿ. ಬರಬೇಕಾದದ್ದು ಒಂದು ಸಣ್ಣ ನಿಟ್ಟುಸಿರು. ಸದ್ದು ಜೋರಾದಷ್ಟೂ ಗ್ಯಾಸ್ ಮತ್ತು ವೈನ್ ಎರಡೂ ನಷ್ಟ. ಉದ್ದ ಕೊಳವೆಯಂಥ ಫ್ಲೂಟ್ ಗ್ಲಾಸನ್ನು ಪಕ್ಕಕ್ಕಿಡಿ. ಅದು ಗುಳ್ಳೆ ತೋರಿಸಲು ಇರುವ ಅಂಗಡಿ ಕಪಾಟು, ಮೂಗಿಗೆ ಜಾಗವೇ ಇಲ್ಲ. ಬಿಳಿ ವೈನಿಗೆ ಬಳಸುವ, ಹೊಟ್ಟೆ ತುಸು ಅಗಲವಾಗಿ ಬಾಯಿ ಕಿರಿದಾದ ಗ್ಲಾಸು ಸಾಕು. ಓರೆಯಾಗಿ ಹಿಡಿದು ನಿಧಾನ ಸುರಿಯಿರಿ. ಮೂಗಿಗೆ ಮೊದಲ ಅವಕಾಶ ಕೊಡಿ. ಅರ್ಧ ಗಂಟೆ ಬಿಟ್ಟು ಮತ್ತೆ ಮೂಸಿ. ಒಳ್ಳೆಯ ವೈನ್ ಅಷ್ಟರಲ್ಲಿ ಇನ್ನೊಂದು ಮಾತು ಆಡಿರುತ್ತದೆ.

ಲೇಬಲ್ ಓದುವುದನ್ನು ರೂಢಿಸಿಕೊಳ್ಳಿ. ಶಾಂಪೇನ್ ಲೇಬಲ್ಲಿನ ಮೂಲೆಯಲ್ಲಿ ಸಣ್ಣದಾಗಿ ಆರ್‌ಎಂ ಎಂದಿದ್ದರೆ ಅದು ತೋಟದವನೇ ಮಾಡಿದ ವೈನ್. ಎನ್‌ಎಂ ಎಂದಿದ್ದರೆ ಹಣ್ಣು ಕೊಳ್ಳುವ ದೊಡ್ಡ ಮನೆತನದ್ದು. ಹಿಂಬದಿಯಲ್ಲಿ ಗಷ್ಟು ಬಿಡಿಸಿದ ದಿನಾಂಕ ಇದೆಯೇ ನೋಡಿ. ಅದನ್ನು ಮುದ್ರಿಸುವವರು ತಮ್ಮ ಕಾಲದ ಲೆಕ್ಕವನ್ನು ನಿಮ್ಮ ಮುಂದಿಡುವ ಧೈರ್ಯವುಳ್ಳವರು. ರೋಸೆಯ ಬಗ್ಗೆ ಕೇಳುತ್ತೀರಾದರೆ, ಬಿಳಿ ವೈನಿಗೆ ಕೆಂಪನ್ನು ಬೆರೆಸಿ ಬಣ್ಣ ತರಲು ಶಾಂಪೇನ್‌ನಲ್ಲಿ ಅನುಮತಿಯಿದೆ. ಚೆನ್ನಾಗಿ ಮಾಡಿದವರದು ಚೆನ್ನಾಗಿರುತ್ತದೆ. ಊಟಕ್ಕೆ ಇಂಥದೇ ಜೋಡಿ ಎಂಬ ಪಟ್ಟಿಗಳನ್ನು ನಂಬುವ ಅಗತ್ಯವಿಲ್ಲ; ಎಣ್ಣೆಯಲ್ಲಿ ಕರಿದ, ಉಪ್ಪು ಹತ್ತಿದ ಯಾವುದಾದರೂ ಸರಿ, ಕೋಡುಬಳೆಯೂ ಆದೀತು.

ಈ ಬರಹವನ್ನು ನಂಬಬೇಡಿ, ನಿಮ್ಮ ನಾಲಗೆಯನ್ನು ನಂಬಿ. ಒಂದು ಪ್ರೊಸೆಕ್ಕೊ, ಒಂದು ಗ್ರಾನ್ ರಿಸೆರ್ವಾ ಕಾವಾ ಕೊಳ್ಳಿ. ಇನ್ನಿಬ್ಬರು ಗೆಳೆಯರನ್ನು ಕರೆದು ಖರ್ಚು ಹಂಚಿಕೊಳ್ಳಿ. ಬಾಟಲಿಗಳಿಗೆ ಕಾಗದ ಸುತ್ತಿ, ಒಂದೇ ಬಗೆಯ ಗ್ಲಾಸಿಗೆ ಸುರಿದು ಅಕ್ಕಪಕ್ಕ ಇಡಿ. ಗುಳ್ಳೆ ಎರಡರಲ್ಲೂ ಇರುತ್ತದೆ. ಆದರೆ ಗುಳ್ಳೆ ಇಳಿಯುವ ತನಕ ಕಾದು, ಇಳಿದ ಮೇಲೆ ಉಳಿದದ್ದನ್ನು ಸವಿಯಿರಿ. ಒಂದು ಗ್ಲಾಸಿನಲ್ಲಿ ಸಿಹಿ ಮಾಸಿದ ಹಣ್ಣಿನ ರಸವಷ್ಟೇ ಸಿಗುತ್ತದೆ. ಇನ್ನೊಂದರಲ್ಲಿ ಗುಳ್ಳೆಯಿಲ್ಲದೆಯೂ ತನ್ನ ಕಾಲ ಮೇಲೆ ನಿಂತ ವೈನ್ ಸಿಗುತ್ತದೆ. ಈ ವ್ಯತ್ಯಾಸವನ್ನು ಒಮ್ಮೆ ಹಿಡಿದವರು ಮುಂದಿನ ಸಲ ಅಂಗಡಿಯಲ್ಲಿ ಗಷ್ಟಿನ ಮೇಲೆ ಎಷ್ಟು ತಿಂಗಳು ಎಂದು ಕೇಳದೆ ದುಡ್ಡು ಕೊಡುವುದಿಲ್ಲ. ಹಾಗೆ ಕೇಳುವವರು ಊರಿಗೆ ನೂರು ಮಂದಿಯಾದರೂ ಆದರೆ, ನಾಸಿಕ್ಕಿನವರೂ ನಂದಿಯವರೂ ತಮ್ಮ ಬಾಟಲಿಗಳನ್ನು ಇನ್ನೊಂದು ವರ್ಷ ಮಲಗಲು ಬಿಡುತ್ತಾರೆ.